ಮ್ಲಾದೆನ್ ಮಾರದ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವ ಮಾತು ಆಸ್ಟ್ರೇಲಿಯಾದ ಕೂಬರ್ ಪೀಡಿಯಲ್ಲಿ ಅರ್ಧ ಮಾತ್ರ ನಿಜ. ಮದುವೆ ಎಲ್ಲ ಕಡೆಯಂತೆ ಇಲ್ಲೂ ಕಷ್ಟದ್ದೇ. ಮನೆಯನ್ನು ಮಾತ್ರ ಬುದ್ಧಿ ಇರುವವರು ಯಾರೂ ಕಟ್ಟುವುದಿಲ್ಲ, ಕೊರೆಯುತ್ತಾರೆ. ಬೇಸಿಗೆಯ ಮಧ್ಯಾಹ್ನ ನಾಯಿ ಕೂಡ ನೆಲಕ್ಕೆ ಕಾಲಿಡಲು ಹಿಂದೆಮುಂದೆ ನೋಡುವಾಗ, ಜನ ಗುಡ್ಡದ ಹೊಟ್ಟೆಯೊಳಗೆ ಗವಿಮನೆ ಮಾಡಿಕೊಂಡು ತಣ್ಣಗಿರುತ್ತಾರೆ. ಬುದ್ಧಿ ಇಲ್ಲದವರು ಮೇಲೆ ತಗಡಿನ ಮನೆಯಲ್ಲಿ ಬೇಯುತ್ತಾರೆ. ಆ ಎರಡನೆಯ ಪಂಗಡಕ್ಕೇ ಸೇರುತ್ತೇನೆಂದು ಕ್ಲಿಫರ್ಡ್ ಹಟ ಹಿಡಿದು ಕೂತಿದ್ದ.

ಅವನ ಹೆಂಡತಿ ಮಾರ್ಲೀನಳಿಗೆ ಬೇಕಾಗಿದ್ದುದು ಒಂದೇ, ಉಸಿರು. ಟಾಸ್ಮೇನಿಯಾದ ಪಶ್ಚಿಮದಲ್ಲಿ ಅವರಿದ್ದ ಊರಿನಲ್ಲಿ ಮಳೆ ನಿಂತಿತೆಂದರೆ ಜನ ಗಾಬರಿಯಾಗಿ ಹೊರಗೆ ಬಂದು ನೋಡುತ್ತಿದ್ದರು. ಗೋಡೆಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಮಾರ್ಲೀನಳ ಎದೆಯಲ್ಲಿ ವರ್ಷವಿಡೀ ಕೆಮ್ಮು. ಹಿಂದಿನ ವರ್ಷ ಗೆಳತಿಯ ಮಗಳ ಮದುವೆಗೆಂದು ಒಬ್ಬಳೇ ಈ ಮರಳುಗಾಡಿಗೆ ಬಂದು ಒಂದು ಗವಿಮನೆಯಲ್ಲಿ ಉಳಿದಿದ್ದಳು. ಮದುಮಗನ ಹೆಸರು ಕೂಡ ಈಗ ಅವಳಿಗೆ ನೆನಪಿಲ್ಲ. ರಾತ್ರಿ ಎದ್ದು ಕೂರದೆ ಬೆಳಗಿನವರೆಗೂ ಮಲಗಿದ್ದು ಮಾತ್ರ ನೆನಪಿದೆ. ಊರಿಗೆ ಹಿಂದಿರುಗಿದವಳೇ, ಮನೆ ಮಾರೋಣ ಎಂದಳು. ಮಾರಿದರು. ಈಗ ಅಲ್ಲಿಯ ಮನೆ ಬೇರೆಯವರದು, ಸಾಮಾನೆಲ್ಲ ಗೋದಾಮಿನಲ್ಲಿ, ಇವರಿಬ್ಬರು ಕೂಬರ್ ಪೀಡಿಯ ಮೋಟೆಲಿನಲ್ಲಿ. ಇಲ್ಲಿ ಮನೆ ಸಿಗದಿದ್ದರೆ ಕ್ಲಿಫರ್ಡನ ತಮ್ಮನ ಮನೆಗೆ, ಅಂದರೆ ಮತ್ತೆ ಅದೇ ಮಳೆಗೆ ಹೋಗಬೇಕು. ಇನ್ನೊಂದು ಚಳಿಗಾಲವನ್ನು ತನ್ನ ಎದೆ ತಡೆಯುವುದಿಲ್ಲ ಎಂದು ಮಾರ್ಲೀನಳಿಗೆ ಗೊತ್ತಿತ್ತು. ಡಾಕ್ಟರು ಅದನ್ನೇ ಸುತ್ತಿ ಬಳಸಿ ಹೇಳಿದ್ದರು.

ಕ್ಲಿಫರ್ಡನದು ಒಂದೇ ಷರತ್ತು. "ನೆಲದ ಮೇಲಿರೋ ಮನೆ ಯಾವುದಾದ್ರೂ ಸರಿ, ಬರ್ತೀನಿ. ಗವಿಗಿವಿ ಬೇಡ. ನನ್ನನ್ನ ಮಣ್ಣೊಳಗೆ ಇಡೋದು ಒಂದೇ ಸಲ ಕಣೇ, ಅದಕ್ಕಿನ್ನೂ ಟೈಮಿದೆ."

ದೂರದ ಊರುಗಳಿಗೆ ಬಸ್ಸು ಓಡಿಸಿ ನಿವೃತ್ತನಾದವನು, ಆರೂವರೆ ಅಡಿಯ ಆಳು. ಬಂದ ಮೊದಲ ದಿನವೇ ಊರು ಅವನಿಗೆ 'ಕುಳ್ಳ' ಎಂದು ಹೆಸರಿಟ್ಟಿತ್ತು. ಪ್ರೀತಿ ಬಂದರೆ ಇಲ್ಲಿಯವರು ಉಲ್ಟಾ ಹೆಸರೇ ಇಡುವುದು.

ಮನೆ ತೋರಿಸುವ ಫೋತಿನಿ ಗ್ರೀಕರ ಹೆಣ್ಣು, ಇದೇ ಊರಿನ ಗವಿಯಲ್ಲಿ ಬೆಳೆದವಳು. ಅವಳಿಗೆ ಮೇಲಿನ ಮನೆಗಳನ್ನು ತೋರಿಸುವುದೆಂದರೆ ಮೈ ಉರಿ. "ಇದಕ್ಕೆ ನಾಲ್ಕು ಕಿಟಕಿ ಇದೆ," ಎಂದಳು ಮೊದಲನೆಯ ತಗಡು ಮನೆಯ ಮುಂದೆ ನಿಂತು. "ಅಂದ್ರೆ ನಾಲ್ಕು ಒಲೆ. ಯಾವುದರಲ್ಲಿ ರೊಟ್ಟಿ ಸುಡ್ತೀರೋ ನೀವೇ ನೋಡ್ಕೊಳ್ಳಿ."

"ಕೂಲರ್ ಇದೆಯಲ್ಲ," ಎಂದ ಕ್ಲಿಫರ್ಡ್.

ಕೂಲರ್ ಇತ್ತು. ಮಾರ್ಲೀನ್ ಅದರ ಮುಂದೆ ಕೂತಳು. ಒದ್ದೆ ಹುಲ್ಲಿನ ವಾಸನೆಯ ತಂಗಾಳಿ ಮುಖಕ್ಕೆ ಹಿತವಾಗಿ ಬಡಿಯಿತು. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಹಳೆಯ ಸೀಟಿ ಶುರುವಾಯಿತು, ಆಮೇಲೆ ಕೆಮ್ಮು. ಎರಡನೆಯ ಮನೆಯಲ್ಲೂ ಅದೇ ಕಥೆ. ಮೂರನೆಯದರಲ್ಲಿ ಅವಳು ಗೋಡೆ ಹಿಡಿದುಕೊಂಡು ಹೊರಗೆ ಬರಬೇಕಾಯಿತು. ನೀರಿನ ಕೂಲರಿಲ್ಲದೆ ಆ ಮನೆಗಳಲ್ಲಿ ಮನುಷ್ಯರು ಬದುಕುವಂತಿಲ್ಲ, ಅದು ಇದ್ದರೆ ಮಾರ್ಲೀನ್ ಬದುಕುವಂತಿಲ್ಲ. ಕ್ಲಿಫರ್ಡ್ ಅವಳ ಬೆನ್ನು ಸವರುತ್ತ ಬಿಸಿಲಿನಲ್ಲೇ ನಿಂತ. ಹಟಮಾರಿ ನಿಜ, ಆದರೆ ಹೆಂಡತಿ ಎಂದರೆ ಪ್ರಾಣ ಬಿಡುವವನು.

"ಆಯ್ತು," ಎಂದ ಕೊನೆಗೆ. "ಗವಿನೇ ತೋರ್ಸಮ್ಮಾ."

ತೋರಿಸಿದಳು. ಮಾರಾಟಕ್ಕಿದ್ದವೆಲ್ಲ, ಓಪಲ್ ರತ್ನ ಹುಡುಕಿಕೊಂಡು ಬಂದ ಹಳಬರು ಕೈಯಲ್ಲಿ ಗುದ್ದಲಿ ಹಿಡಿದು ಕೊರೆದ ಗವಿಗಳು. ಕೊರೆದವರೆಲ್ಲ ನಿಜಕ್ಕೂ ಕುಳ್ಳರಿರಬೇಕು. ಮೊದಲ ಮನೆಯ ಬಾಗಿಲಿಗೆ ಕ್ಲಿಫರ್ಡನ ಹಣೆ ಬಡಿಯಿತು, ಎರಡನೆಯದರಲ್ಲಿ ನೆತ್ತಿ. ಮೂರನೆಯದರಲ್ಲಿ ಬಗ್ಗಿಯೇ ಒಳಗೆ ಹೋದವನು ಮರೆತು ಸೆಟೆದು ನಿಂತು ತಲೆ ಚಚ್ಚಿಕೊಂಡ, ಆಗ ಅವನು ದೇವರನ್ನು ನೆನೆದ ರೀತಿ ಮಾತ್ರ ಚರ್ಚಿಗೆ ಒಪ್ಪುವಂಥದ್ದಾಗಿರಲಿಲ್ಲ. ಮಾರ್ಲೀನಳಿಗೆ ಆ ಮೂರೂ ಮನೆಗಳಲ್ಲಿ ಉಸಿರು ಸರಾಗವಾಗಿ ಓಡಿತು. ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಉಳಿದ ಆಯಸ್ಸೆಲ್ಲ ಗಂಡ ಬೆನ್ನು ಬಗ್ಗಿಸಿ ಓಡಾಡಲಿ ಎಂದು ಯಾವ ಬಾಯಿಂದ ಕೇಳುವುದು?

"ಇನ್ನೊಂದಿದೆ," ಎಂದಳು ಫೋತಿನಿ ಮರುದಿನ. "ಮ್ಲಾದೆನ್ ಅಂಕಲ್‌ದು. ಒಣಗಿದ ಕಲ್ಲು, ಒಳ್ಳೆ ಗಾಳಿಗೊಳವೆ, ಊರಲ್ಲೇ ಅಂಥ ಮನೆ ಇಲ್ಲ. ಆದ್ರೆ ಅವರು ಮಾರಲ್ಲ."

"ಮಾರಲ್ಲ ಅಂದ್ಮೇಲೆ ಬಾಗಿಲಲ್ಲಿ ಮಾರಾಟದ ಬೋರ್ಡ್ ಯಾಕಿದೆ?" ಎಂದಳು ಮಾರ್ಲೀನ್.

"ಮಾರ್ತೀನಿ ಅಂತಾರೆ, ಕೈ ಕುಲುಕ್ತಾರೆ, ಮಾರನೇ ದಿನ ಬೇಡ ಅಂತಾರೆ. ಎಷ್ಟು ಜನ ಬಂದು ಹೋದ್ರೋ! ಮಲಗೋ ಕೋಣೆ ಗೋಡೆ ಹಿಂದೆ ಓಪಲ್ ಇದೆಯಂತೆ. ಈ ಊರಿಗೆ ಹಿಡಿದ ರೋಗ ಅದು. ನಮ್ಮಪ್ಪನೂ ಸಾಯೋವಾಗ ಅಡುಗೆಮನೆ ಗೋಡೆ ನೋಡ್ಕೊಂಡೇ ಸತ್ತಿದ್ದು."

ಮ್ಲಾದೆನ್ ಕ್ರೊಯೇಷಿಯಾದ ಒಂದು ದ್ವೀಪದಿಂದ ಹುಡುಗನಾಗಿದ್ದಾಗ ಬಂದವನು. ಬಂದವರನ್ನು ಕೂರಿಸಿ ಕುದಿಸಿದ ಕಪ್ಪು ಕಾಫಿಯನ್ನೂ ಒಣ ಅಂಜೂರವನ್ನೂ ಮುಂದಿಟ್ಟ. "ಏ ಕುಳ್ಳಾ, ತಲೆ ನೋಡ್ಕೋ," ಎಂದ. ಅಷ್ಟರಲ್ಲಿ ತಲೆ ಬಡಿದಾಗಿತ್ತು.

"ನಾನು ಉಪ್ಪುನೀರಿನ ಮನುಷ್ಯ ಅಮ್ಮಾವ್ರೇ," ಎಂದ ಮಾರ್ಲೀನಳಿಗೆ. "ಆಯಸ್ಸೆಲ್ಲ ಕಲ್ಲು ನೋಡಿದ್ದಾಯ್ತು. ಪೋರ್ಟ್ ಲಿಂಕನ್‌ನಲ್ಲಿ ತಂಗಿ ಇದ್ದಾಳೆ, ಸಮುದ್ರದ ದಂಡೇಲೇ ಮನೆ. ಹೋಗಿ ಗಾಳ ಹಾಕ್ಕೊಂಡು ಕೂತ್ಬಿಡ್ತೀನಿ."

"ನನಗೆ ಒಣ ಗಾಳಿ ಬೇಕು, ನಿಮಗೆ ನೀರು ಬೇಕು," ಎಂದಳು ಮಾರ್ಲೀನ್. "ಅದಲು ಬದಲು ಮಾಡ್ಕೊಳ್ಳೋಣ ಬಿಡಿ."

ಮುದುಕ ನಕ್ಕ. ಆಗ ಗೊರಕೆ ಕೇಳಿಸಿತು. ಮೂಲೆಯ ಸೋಫಾದಲ್ಲಿ ಕ್ಲಿಫರ್ಡ್ ಕಾಲು ಚಾಚಿ ಮಲಗಿಬಿಟ್ಟಿದ್ದ. ಹೊರಗೆ ಬೆಂಕಿ ಸುರಿಯುತ್ತಿತ್ತು, ಒಳಗೆ ಫ್ಯಾನು ಕೂಡ ಇಲ್ಲದೆ ತಂಪು. ಮೋಟೆಲಿನಲ್ಲಿ ಕಣ್ಣು ಮುಚ್ಚದೆ ಹೊರಳಾಡಿದವನು ಇಲ್ಲಿ ಸಂಜೆಯವರೆಗೂ ಎಚ್ಚರವಾಗಲಿಲ್ಲ. ಎದ್ದಾಗ ಮೂವರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ನಾಚಿದ.

"ನಿಂತ್ಕೊಳ್ಳೋಕೆ ಒಂದು ಜಾಗ ಇದ್ದಿದ್ರೆ ಇಲ್ಲೇ ಇದ್ಬಿಡ್ತಿದ್ದೆ ಕಣೇ," ಎಂದ ಮೆಲ್ಲಗೆ. ಮಾರ್ಲೀನಳಿಗೆ ಅಷ್ಟು ಸಾಕಾಗಿತ್ತು. ಮ್ಲಾದೆನನೂ ಮಾರುತ್ತೇನೆಂದು ಕೈ ಕುಲುಕಿದ.

ಮಾರನೆಯ ಬೆಳಿಗ್ಗೆ ಫೋತಿನಿಯ ಫೋನು ಬಂತು. ಮುದುಕ ಉಲ್ಟಾ ಹೊಡೆದಿದ್ದ.

ಮಾರ್ಲೀನ್ ಯಾರನ್ನೂ ಕೇಳದೆ ನೇರ ಅವನ ಮನೆಗೆ ನಡೆದಳು. ಕ್ಲಿಫರ್ಡ್, ಫೋತಿನಿ ಅವಳ ಹಿಂದೆ ಓಡಿದರು. ಮ್ಲಾದೆನ್ ಮಲಗುವ ಕೋಣೆಯಲ್ಲಿ ಗೋಡೆಗೆ ಅಂಗೈ ಊರಿ ನಿಂತಿದ್ದ.

"ಕ್ಷಮಿಸಿ ಅಮ್ಮಾವ್ರೇ. ರಾತ್ರಿಯೆಲ್ಲ ಯೋಚನೆ ಮಾಡ್ದೆ. ನಾಳೆ ನೀವು ಒಂದು ಕಪಾಟು ಕೂರ್ಸೋಕೆ ಇಲ್ಲಿ ಉಳಿ ಇಡ್ತೀರಿ. ಓಪಲ್ ಕಾಲ ಬುಡಕ್ಕೆ ಬೀಳುತ್ತೆ. ನಾನು ಅಲ್ಲಿ ಮೀನು ಹಿಡ್ಕೊಂಡು ಕೂತಿರ್ತೀನಿ. ಸಹಿಸೋಕಾಗುತ್ತಾ ಹೇಳಿ?"

"ಇಷ್ಟು ವರ್ಷ ಯಾಕೆ ಅಗೀಲಿಲ್ಲ ಮತ್ತೆ?"

ಮುದುಕ ಗೋಡೆಯಿಂದ ಕೈ ತೆಗೆಯದೆ ಅವಳತ್ತ ತಿರುಗಿದ. ಅವನ ಕಣ್ಣು ನೋಡಿದಾಗ ಮಾರ್ಲೀನಳಿಗೆ ತಿಳಿಯಿತು. ಅಗೆದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗುವವರೆಗೆ ಅವನು ಸಾಹುಕಾರ. ಅವಳಿಗೆ ಅಯ್ಯೋ ಎನಿಸಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನೋಡಿ, ನಾನು ನೆಟ್ಟಗೆ ಉಸಿರಾಡಿದ್ದು ನಿಮ್ಮ ಮನೇಲಿ. ನೀವು ಈ ಗೋಡೆ ಕಾಯ್ತಾ ಕೂತ್ರೆ ನಿಮಗೆ ಸಮುದ್ರವೂ ಇಲ್ಲ, ನನಗೆ ಮನೆಯೂ ಇಲ್ಲ. ಅಗೀರಿ! ಈಗಲೇ ಅಗೀರಿ. ಸಿಕ್ಕಿದ್ದೆಲ್ಲ ನಿಮ್ಮದು, ಒಂದು ಚೂರೂ ನಾನು ಮುಟ್ಟಲ್ಲ. ಉಳಿಯೋ ಗುಂಡಿ ನಮ್ಮದು. ಆದ್ರೆ ಇವನ ಎತ್ತರಕ್ಕೆ ಅಗೀಬೇಕು." ಗಂಡನ ತೋಳು ಹಿಡಿದು ಮುಂದಕ್ಕೆಳೆದಳು.

ಮ್ಲಾದೆನ್ ತಡವರಿಸಿದ. "ಊರೊಳಗೆ ಗಣಿ ಮಾಡಂಗಿಲ್ಲ. ಕಾನೂನಿದೆ."

"ಗಣಿ ಅಂದೋರು ಯಾರು ಅಂಕಲ್?" ಫೋತಿನಿ ಕಣ್ಣರಳಿಸಿದಳು. "ಮನೆಗೆ ಒಂದು ರೂಮು ದೊಡ್ಡದು ಮಾಡ್ತಿದೀರಿ. ಅರ್ಧ ಊರು ಹಂಗೇ ಅಲ್ವಾ ಸಾಹುಕಾರರಾಗಿದ್ದು! ಪರವಾನಗಿ ನಾನು ತರ್ತೀನಿ."

ಪರವಾನಗಿ ಬಂತು, ನೆರೆಯವನ ಕೊರೆಯುವ ಯಂತ್ರವೂ ಬಂತು. ಕ್ಲಿಫರ್ಡನನ್ನು ಗೋಡೆಗೆ ಒರಗಿಸಿ, ಕೈ ಮೇಲಕ್ಕೆತ್ತಿಸಿ, ಬೆರಳ ತುದಿಗಿಂತ ಒಂದು ಗೇಣು ಮೇಲೆ ಗೆರೆ ಎಳೆದರು. ಮಾರ್ಲೀನಳನ್ನು ದೂಳಿನಿಂದ ದೂರವಿಡಲು ಫೋತಿನಿ ರಸ್ತೆಯಾಚೆಯ ಮನೆಯ ನೆರಳಿನಲ್ಲಿ ಕೂರಿಸಿದಳು. ಬೀದಿಯ ಜನ ತಮ್ಮ ತಮ್ಮ ಕುರ್ಚಿ, ಬಿಯರು ಹಿಡಿದು ಅಲ್ಲೇ ಸಾಲಾಗಿ ಕೂತರು. ಪಕ್ಕದ ಮನೆಯಲ್ಲಿ ಗೋಡೆ ಒಡೆಯುತ್ತಾರೆಂದರೆ ಈ ಊರಿನವರು ಊಟ ಬಿಟ್ಟಾದರೂ ಬರುತ್ತಾರೆ.

ಎಲ್ಲರೂ ಸಿಗಲಿ, ಸಿಗಲಿ ಎನ್ನುತ್ತಿದ್ದರು. ಸಿಕ್ಕರೆ ಮುದುಕ ಈ ಜನ್ಮದಲ್ಲಿ ಮನೆ ಬಿಡುವುದಿಲ್ಲ ಎಂದು ಮಾರ್ಲೀನಳಿಗೆ ಗೊತ್ತಿತ್ತು. ಆ ಗುಂಪಿನಲ್ಲಿ ಏನೂ ಸಿಗದಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಕಾಫಿ ಕೊಟ್ಟವನ ಮನೆಯ ಅದೃಷ್ಟ ಕೆಡಲಿ ಎಂದು ಬೇಡುವುದು ಒಳ್ಳೆಯದಲ್ಲವೆಂದು ಗೊತ್ತಿದ್ದೂ ಬೇಡಿದಳು.

ಯಂತ್ರ ಗುಡುಗಿತು, ನಿಂತಿತು, ಮತ್ತೆ ಗುಡುಗಿತು. ನಿಂತಾಗಲೆಲ್ಲ ಮ್ಲಾದೆನ್ ದೀಪ ಹಿಡಿದು ಒಳಗೆ ಹೋಗುತ್ತಿದ್ದ. ಎರಡನೆಯ ದಿನ ಒಳಗಿನಿಂದ ಕೂಗು ಕೇಳಿಸಿತು. ಕುರ್ಚಿಗಳು ಉರುಳಿದವು, ಜನ ಬಾಗಿಲಿಗೆ ನುಗ್ಗಿದರು. ಮಾರ್ಲೀನ್ ಮಾತ್ರ ಕೂತಲ್ಲೇ ಉಳಿದಳು. ಕ್ಲಿಫರ್ಡ್ ದೂಳಿನಿಂದ ಬೆಳ್ಳಗಾಗಿ ಹೊರಗೆ ಬಂದ.

"ಒಂದು ಗೆರೆ ಹೊಳೀತಾ ಇದೆ ಕಣೇ," ಎಂದ. ಅವಳ ಕಣ್ಣನ್ನು ನೋಡಲಾರದೆ ನೆಲ ನೋಡಿದ.

ಹತ್ತಿರದಿಂದ ನೋಡಿದರೆ ಗೆರೆ ಬೂದು ಬಣ್ಣದ್ದು, ಬೆಲೆಯಿಲ್ಲದ, ಜೀವವಿಲ್ಲದ ಕಲ್ಲು. ಆದರೆ ಬೂದುಗೆರೆಯ ತುದಿಯಲ್ಲಿ ಬಣ್ಣದ ಓಪಲ್ ಸಿಕ್ಕಿದ ಕಥೆ ಇಲ್ಲಿ ಮನೆಗೊಂದಿದೆ. ಮ್ಲಾದೆನ್ ಗೆರೆಯ ಬೆನ್ನು ಹತ್ತಿದ. ಗೆರೆ ಬಲಕ್ಕೆ ಹೋದರೆ ಯಂತ್ರ ಬಲಕ್ಕೆ, ಮೇಲೆ ಹೋದರೆ ಮೇಲೆ. ಬೇಕೆಂದಿದ್ದ ಕೋಣೆಯ ಪಕ್ಕದಲ್ಲಿ ಇನ್ನೊಂದು ಕೋಣೆಯಷ್ಟು ಜಾಗವಾಯಿತು. ಕ್ಲಿಫರ್ಡ್ ಅಂಗಿ ಬಿಚ್ಚಿ ಮಣ್ಣು ಸಾಗಿಸಿದ, ಮುದುಕನಿಗಿಂತ ಹೆಚ್ಚು ಬೆವರಿದ.

ಅದರ ಮಾರನೆಯ ಸಂಜೆ ಯಂತ್ರ ನಿಂತಿತು. ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಮಾರ್ಲೀನ್ ತಡೆಯಲಾರದೆ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ನಡೆದಳು. ದೂಳು ಗಾಳಿಗೊಳವೆಯಲ್ಲಿ ಮೇಲೇರಿ ಹೋಗಿತ್ತು. ಗೆರೆ ಕೂದಲಿನಷ್ಟು ತೆಳುವಾಗಿ, ಒಂದು ಮೂಲೆಯಲ್ಲಿ ಮುಗಿದಿತ್ತು. ಅದರಾಚೆ ಕೆಂಪು ಬಿಳಿ ಕಲ್ಲು, ಬರೀ ಕಲ್ಲು. ಮ್ಲಾದೆನ್ ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ, ಕಿವಿಯಿಟ್ಟ, ಮತ್ತೆ ತಟ್ಟಿದ. ಆಮೇಲೆ ಅಗೆದ ಮಣ್ಣಿನ ಮೇಲೆ ಕುಕ್ಕರಿಸಿದ. ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಮಾರ್ಲೀನ್ ಮುಂದೆ ಬಾಗಿದಳು. ಮುದುಕ ನಗುತ್ತಿದ್ದ.

"ಏನೂ ಇಲ್ಲ!" ಎಂದು ಕೂಗಿದ. "ಅಮ್ಮಾವ್ರೇ, ಏನೂ ಇಲ್ಲ! ಹಾಳಾದ ಗೋಡೆ, ಎಷ್ಟು ವರ್ಷ ನನ್ನ ನಿದ್ದೆ ತಿಂತು! ಫೋತಿನಿ, ಎಲ್ಲೇ ನಿನ್ನ ಕಾಗದ? ತಾ, ಈಗಲೇ ಸಹಿ ಹಾಕ್ತೀನಿ. ನಾಳೆ ಬಸ್ಸಿಗೆ ಹೊರಟೆ ನಾನು!"

ಬೆಟ್ಟ ಅಗೆದು ಇಲಿ ಹಿಡಿದರು ಎನ್ನಲು ಇಲಿಯೂ ಸಿಕ್ಕಿರಲಿಲ್ಲ. ಆದರೂ ಹೊರಗಿನಿಂದ ನುಗ್ಗಿದ ಜನ, ನಿಧಿ ಸಿಕ್ಕವರಂತೆ ಅವನ ಬೆನ್ನು ತಟ್ಟಿದರು. ಅವನು ಮಣ್ಣಿನ ಕೈಯಲ್ಲೇ ಸಹಿ ಹಾಕಿದ. ಅಷ್ಟು ಹಗುರಾದ ಮುಖವನ್ನು ಮಾರ್ಲೀನ್ ಮದುವೆಮನೆಯಲ್ಲೂ ಕಂಡಿರಲಿಲ್ಲ.

ಕ್ಲಿಫರ್ಡ್ ಕೋಣೆಯ ನಡುವೆ ಬಂದು ನಿಂತ. ಅಭ್ಯಾಸವಾಗಿ ಹೋಗಿದ್ದರಿಂದ ಇನ್ನೂ ಬಗ್ಗಿಯೇ ಇದ್ದ.

"ಏ ಕುಳ್ಳಾ, ನೆಟ್ಟಗೆ ನಿಲ್ಲೋ!" ಯಾರೋ ಕೂಗಿದರು.

ಅವನು ಮೆಲ್ಲಗೆ ಬೆನ್ನೆತ್ತಿದ, ಕತ್ತೆತ್ತಿದ, ಎರಡೂ ಕೈ ಎತ್ತಿದ. ಎಲ್ಲಿಯೂ ತಾಗಲಿಲ್ಲ. ಹಣೆಯ ತುಂಬ ಪ್ಲಾಸ್ಟರು ಅಂಟಿಸಿಕೊಂಡು, ಕೈ ಎತ್ತಿ, ಬಹುಮಾನ ಗೆದ್ದ ಕುಸ್ತಿಯವನಂತೆ ನಿಂತ ಗಂಡನನ್ನು ನೋಡಿ ಮಾರ್ಲೀನಳಿಗೆ ನಗು ಬಂತು. ಮೂಗಿನ ಬಟ್ಟೆ ಕಿತ್ತೆಸೆದು ನಕ್ಕಳು. ಇಷ್ಟು ವರ್ಷ ನಗು ಬಂದರೆ ತುಟಿ ಕಚ್ಚಿ ನುಂಗಿಕೊಳ್ಳುತ್ತಿದ್ದವಳು ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ, ಹೊಸ ಗೋಡೆಗಳು ಮೊಳಗುವಂತೆ ನಕ್ಕಳು. ಕ್ಲಿಫರ್ಡ್ ಕೈ ಇಳಿಸಿ ಅವಳ ಬಳಿ ಓಡಿ ಬಂದು ಬೆನ್ನಿಗೆ ಅಂಗೈ ಇಟ್ಟ. ನಗು ಮುಗಿದ ಮೇಲೆ ಯಾವಾಗಲೂ ಬರುವ ಕೆಮ್ಮಿಗಾಗಿ ಕಾದ.

ಅದು ಬರಲೇ ಇಲ್ಲ.