ಅರ್ಜಿಯಲ್ಲಿ ಬದುಕಿದ್ದವನು

ನಲವತ್ತೊಂದು ವರ್ಷ ನೋಂದಣಿ ಕಚೇರಿಯ ಎದುರು ಮಡಿಸುವ ಮೇಜು ಹಾಕಿಕೊಂಡು ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನಿಗೆ ಅರ್ಜಿಯಜ್ಜ ಎಂದು ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅವನು ಬರೆದ ಅರ್ಜಿ ತಿರುಗಿ ಬರುವುದಿಲ್ಲ ಎಂಬುದು ಆ ಬೀದಿಯ ಮಾತು. ಬೆಳಿಗ್ಗೆ ದೇವರಿಗೆ ಕೈಮುಗಿಯದೆ ಪೆನ್ನಿನ ಮುಚ್ಚಳ ತೆಗೆದವನಲ್ಲ. ಸುಳ್ಳು ಬರೆಸಲು ಬಂದವರಿಗೆ, "ಅದಕ್ಕೆ ಪಕ್ಕದ ಮೇಜಿದೆ, ಅಲ್ಲಿ ಅಕ್ಷರವೂ ಚೆನ್ನಾಗಿರಲ್ಲ, ಹೊಂದಿಕೊಳ್ಳುತ್ತೆ" ಎಂದು ದಾರಿ ತೋರಿಸಿದವನು. ಅಂಥವನ ಕೈಬರಹದ ಅರ್ಜಿಯೊಂದು ತಿರುಗಿ ಬಂತು. ಅದೂ ಸ್ವಂತ ಮೊಮ್ಮಗಳದು.

ವಿಶ್ವವಿದ್ಯಾಲಯದ ನೆರವು ವಿಭಾಗ ನೆಲಮಹಡಿಯ ತುದಿಯಲ್ಲಿತ್ತು. ಗೋಡೆಗುಂಟ ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳು. ಅಜ್ಜ ಒಂದರಲ್ಲಿ ಕೂತ. ಮೊಮ್ಮಗಳು ನಡುವೆ ಎರಡು ಕುರ್ಚಿ ಬಿಟ್ಟು ಕೂತಳು. ತಿಂಗಳಿಂದ ಹೀಗೇ. ಊಟಕ್ಕೆ ಕರೆಯುವಾಗಲೂ ಅವಳು ಅವನ ಮುಖ ನೋಡದೆ ಬಾಗಿಲಿಗೆ ಹೇಳುತ್ತಿದ್ದಳು.

ನಡೆದದ್ದು ಇಷ್ಟು. ಅವಳ ನೆರವು ಪ್ರತಿ ವರ್ಷ ನವೀಕರಣವಾಗಬೇಕು. ಅಂಕ ಇರಬೇಕು, ಹಾಜರಿ ಇರಬೇಕು, ಮನೆಯ ಆದಾಯ ಮಿತಿಯೊಳಗಿರಬೇಕು. ಅಂಕ, ಹಾಜರಿ ಎರಡರಲ್ಲೂ ಅವಳು ಕಡಿಮೆ ಬಿದ್ದಿರಲಿಲ್ಲ. ಎರಡು ವರ್ಷ ನೆರವು ಸರಾಗವಾಗಿ ಬಂತು, ಉಳಿದದ್ದು ಕೊನೆಯ ಒಂದು ವರ್ಷ. ಅಷ್ಟರಲ್ಲಿ ಅವಳ ಅಪ್ಪ, ಬಸ್ ಡಿಪೋದ ಮೆಕ್ಯಾನಿಕ್, ಒಂದು ಮಧ್ಯಾಹ್ನ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವನು ಮತ್ತೆ ಹೊರಗೆ ಬರಲಿಲ್ಲ. ಎದೆ ನಿಂತಿತ್ತು. ಅದಾದ ಐದನೆಯ ವಾರಕ್ಕೆ ನವೀಕರಣದ ಅರ್ಜಿ ಬಂತು. ಎಂದಿನಂತೆ ಅಜ್ಜ ತುಂಬಿದ. ತಂದೆಯ ಕಾಲಮಿನಲ್ಲಿ 'ಇದ್ದಾರೆ', 'ಇಲ್ಲ' ಎಂದು ಎರಡು ಚೌಕವಿದ್ದವು. ಅಜ್ಜ 'ಇದ್ದಾರೆ' ಎಂಬಲ್ಲಿ ಗುರುತು ಹಾಕಿದ. ಕೆಲಸ, ಡಿಪೋದ ವಿಳಾಸ, ಸಂಬಳ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದ. ಆ ವರ್ಷ ಮಗನಿಗೆ ಬಡ್ತಿ ಸಿಕ್ಕಿತ್ತು. ಆ ಸಂಬಳದಿಂದ ಆದಾಯ ಮಿತಿ ದಾಟಿತು, ನೆರವು ನಿಂತಿತು. 'ಇಲ್ಲ' ಎಂದಿದ್ದರೆ ಸೊಸೆಯ ಹೊಲಿಗೆಯ ಗಳಿಕೆಯೊಂದೇ ಲೆಕ್ಕಕ್ಕೆ ಬಂದು ಎಲ್ಲ ಸರಿಹೋಗುತ್ತಿತ್ತು.

ಮರೆವಲ್ಲ. ಅಜ್ಜನಿಗೆ ಮರೆವು ಎಂಬುದಿರಲಿಲ್ಲ. ಊರಿನ ಅದೆಷ್ಟೋ ವಿಧವೆಯರಿಗೆ ಪಿಂಚಣಿಯ ಅರ್ಜಿ ಬರೆದುಕೊಟ್ಟ ಕೈ ಅದು. 'ಇಲ್ಲ' ಎಂಬ ಆ ಒಂದು ಚೌಕದ ಮೇಲೆ ಮಾತ್ರ ಆ ಕೈ ಇಳಿಯಲಿಲ್ಲ.

ಗುಮಾಸ್ತ ಕಿಟಕಿಯ ಹಿಂದಿನಿಂದ ಕೂಗಿದ. ಇಬ್ಬರೂ ಎದ್ದು ಹೋದರು. ಅವನು ಮರಣ ಪ್ರಮಾಣಪತ್ರವನ್ನು ಒಂದು ಕೈಯಲ್ಲಿ, ಅರ್ಜಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿದಂತೆ ನೋಡಿದ.

"ಯಜಮಾನ್ರೇ, ಸತ್ತು ಐದು ವಾರ ಆದ್ಮೇಲೆ ನಿಮ್ಮ ಮಗ ಕೆಲಸಕ್ಕೆ ಹೋಗ್ತಿದ್ರಾ? ಒಳ್ಳೆ ನೌಕರ. ನಮ್ಮ ಆಫೀಸಲ್ಲಿ ಬದುಕಿರೋರೇ ಬರಲ್ಲ."

ಅಜ್ಜ ಕಿಟಕಿಯ ಅಂಚನ್ನು ಹಿಡಿದುಕೊಂಡ. "ತಪ್ಪಾಗಿದೆ. ತಿದ್ದುಪಡಿಗೆ ಮನವಿ ತಂದಿದ್ದೀನಿ."

"ತಪ್ಪು ಅಂದ್ರೆ ಅಂಕಿ ಹೆಚ್ಚುಕಮ್ಮಿ ಆಗೋದು. ಇದಕ್ಕೆ ಸುಳ್ಳು ಮಾಹಿತಿ ಅಂತಾರೆ."

"ಸುಳ್ಳು ಹೇಳಿ ನಾವು ಕಳಕೊಂಡಿದ್ದೀವಿ, ಗಳಿಸಿಲ್ಲ," ಎಂದಳು ಮೊಮ್ಮಗಳು. "ಕಳ್ಳ ಯಾರಾದ್ರೂ ತನ್ನ ಮನೆಗೇ ಕನ್ನ ಹಾಕ್ತಾನಾ?"

"ಹಾಕಿದ್ರೂ ಕನ್ನ ಕನ್ನವೇ ಕಣಮ್ಮ. ನಿಯಮದಲ್ಲಿ ಯಾರ ಮನೆ ಅಂತ ಬರೆದಿಲ್ಲ." ಗುಮಾಸ್ತ ಕಾಗದಗಳಿಗೆ ಟ್ಯಾಗು ಕಟ್ಟಿದ. "ಮನವಿಗೆ ಇವತ್ತೇ ಕೊನೆ. ಒಳಗೆ ಅಧಿಕಾರಿ ಮೇಡಂ ಕೇಳೋದು ಒಂದೇ ಪ್ರಶ್ನೆ. ಸಹಿ ಹಾಕೋ ಮುಂಚೆ ನೀನು ಓದಿದ್ಯಾ ಅಂತ. ಓದಿದ್ದೆ ಅಂದ್ರೆ ಗೊತ್ತಿದ್ದೇ ಮಾಡಿದ ಹಾಗೆ. ನೆರವು ರದ್ದು, ಹಿಂದಿನ ಎರಡು ವರ್ಷದ್ದೂ ವಾಪಸ್ ಕಟ್ಟಬೇಕು. ಓದಿಲ್ಲ ಅಂದ್ರೆ ತಪ್ಪು ತುಂಬಿದವರದು. ಅವರು ಒಪ್ಪಿ ಬರೆದುಕೊಡಬೇಕು. ಆಮೇಲೆ ಅವರ ಹೆಸರು ಆ ಬೋರ್ಡಿಗೆ ಹೋಗುತ್ತೆ."

ಕಿಟಕಿಯ ಪಕ್ಕದ ಬೋರ್ಡಿನಲ್ಲಿ ಒಂದು ಪಟ್ಟಿ ಅಂಟಿಸಿತ್ತು. ಇವರು ತುಂಬಿದ ಅಥವಾ ಸಹಿ ಮಾಡಿದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ, ಎಂದು ಮೇಲೆ ದಪ್ಪಕ್ಷರ. ಕೆಳಗೆ ಏಳೆಂಟು ಹೆಸರು. ಅದರಲ್ಲಿ ಪಕ್ಕದ ಮೇಜಿನವನ ಹೆಸರೂ ಇತ್ತು.

ಇಬ್ಬರೂ ಕುರ್ಚಿಗೆ ಮರಳಿದರು. ಅಜ್ಜನಿಗೆ ಸ್ವಲ್ಪ ಹಗುರವೇ ಆಯಿತು. ಮನೆಯಲ್ಲಿ ಅವನು ಬರೆದದ್ದನ್ನು ಓದಿ ಸಹಿ ಹಾಕಿದವರು ಯಾರೂ ಇಲ್ಲ. ಬೋರ್ಡು ಬೇಕಾದರೆ ಬೋರ್ಡು. ಹುಡುಗಿಯ ವರ್ಷ ಉಳಿಯುತ್ತದಲ್ಲ.

"ಇದ್ದದ್ದು ಇದ್ದ ಹಾಗೆ ಹೇಳು," ಎಂದ. "ಓದಿಲ್ಲ ಅಂತ."

"ಓದಿದ್ದೆ."

ಅಜ್ಜ ತಿರುಗಿದ.

"ಓದಿದ್ದೆ ಅಜ್ಜ. ಪೂರ್ತಿ. ಆ ಚೌಕವನ್ನೂ ನೋಡಿದೆ. ನೋಡಿಯೇ ಸಹಿ ಹಾಕಿದೆ."

"ಮತ್ತೆ ಒಂದು ತಿಂಗಳಿಂದ ನನ್ನನ್ನ ಉಪ್ಪು ಹಚ್ಚಿ ಸುಲೀತಿದ್ದೀಯಲ್ಲ? ಮುದುಕನ ತಲೆ ಕೆಟ್ಟಿದೆ, ನನ್ನ ಬಾಳು ಹಾಳುಮಾಡ್ದ ಅಂತ ನಿಮ್ಮಮ್ಮನ ಮುಂದೆ ಅಂದ್ಯಲ್ಲ?"

"ಅಂದೆ. ಇನ್ನೇನು ಅನ್ಬೇಕಿತ್ತು? ನೀನು ಬರೆದು ಮುಂದಿಟ್ಟೆ. 'ಅಪ್ಪ ಸತ್ತಿದ್ದಾನೆ, ತಿದ್ದು' ಅಂತ ನಿನಗೆ ನಾನು ಹೇಳ್ಬೇಕಿತ್ತಾ? ನನ್ನ ಬಾಯಲ್ಲೇ ಬರಬೇಕಿತ್ತಾ ಅದು?"

"ನನಗಿಂತ ಓದಿದವಳು ನೀನು."

"ನನಗಿಂತ ದೊಡ್ಡವನು ನೀನು."

ಅಜ್ಜನಿಗೆ ಸಿಟ್ಟು ಬಂತು. ಅವಳ ಮೇಲೆ, ಕಿಟಕಿಯವನ ಮೇಲೆ, ಬಸ್ಸಿನ ಕೆಳಗೆ ಹೋಗಿ ಮಲಗಿದವನ ಮೇಲೆ. ಎದೆ ನೋಯುತ್ತದೆ ಎಂದು ಎರಡು ದಿನದಿಂದ ಅನ್ನುತ್ತಿದ್ದನಂತೆ. ಹೆಂಡತಿಗೆ ಹೇಳಿದ್ದ, ಅಪ್ಪನಿಗೆ ಹೇಳಿರಲಿಲ್ಲ.

"ಒಳಗೆ ಓದಿಲ್ಲ ಅನ್ನು," ಎಂದ ಅಜ್ಜ.

"ಸುಳ್ಳು ಹೇಳ್ಬೇಡ ಅಂತ ಚಿಕ್ಕಂದಿನಿಂದ ಮಂಡಿ ಊರಿಸಿ ಕಲಿಸಿದ್ದು ಯಾರು?"

"ನಾನೇ. ಅನ್ನು ಅಂತಿರೋದೂ ನಾನೇ."

ಅಧಿಕಾರಿಯ ಕೋಣೆಯಲ್ಲಿ ಒಂದು ಮೇಜು, ಕಡತಗಳ ಮೂರು ರಾಶಿ, ಬಂದವರು ನಿಂತೇ ಇರಲಿ ಎಂಬಂತೆ ದೂರಕ್ಕೆ ಸರಿಸಿಟ್ಟ ಎರಡು ಕುರ್ಚಿ. ಅಧಿಕಾರಿ ನಡುವಯಸ್ಸಿನ ಹೆಂಗಸು. ಕಡತ ಪೂರ್ತಿ ಓದುವ ತನಕ ತಲೆ ಎತ್ತಲಿಲ್ಲ. ಓದುವ ಬಗೆ ನೋಡಿ ಅಜ್ಜನಿಗೆ ಈಕೆ ಕೆಲಸ ಬಲ್ಲವಳು ಎನ್ನಿಸಿ ಹೆದರಿಕೆಯಾಯಿತು. ಕೆಲಸ ಬಾರದವರ ಎದುರು ಗೆಲ್ಲುವುದು ಸುಲಭ.

"ಅಂಕ ಚೆನ್ನಾಗಿದೆ," ಎಂದಳು ಆಕೆ, ಅದೂ ಒಂದು ದೂರು ಎಂಬಂತೆ. "ಹಾಜರಿ ನೂರಕ್ಕೆ ಎಪ್ಪತ್ತೈದು. ಒಂದು ಕಡಿಮೆಯಾದ್ರೆ ಈ ಮನವಿಯೇ ಬೇಕಾಗಲ್ಲ, ಆಚೆ ಹೋಗ್ತೀಯ. ಈ ಸಹಿ ನಿನ್ನದೇನಾ?"

"ನನ್ನದೇ."

"ಹಾಕೋ ಮುಂಚೆ ಓದಿದ್ಯಾ?"

ಮೊಮ್ಮಗಳ ದವಡೆ ಬಿಗಿದದ್ದನ್ನು ಅಜ್ಜ ಕಂಡ. ಅದು ಅವಳಪ್ಪನ ದವಡೆ. ಅವನೂ ಹೀಗೇ, ಹೊಡೆತ ಬೀಳುತ್ತದೆಂದು ಗೊತ್ತಿದ್ದರೂ ನಿಜ ಹೇಳಿಬಿಡುತ್ತಿದ್ದ.

"ಓದಿಲ್ಲ ಮೇಡಂ," ಎಂದ ಅಜ್ಜ.

"ನಿಮ್ಮನ್ನ ಕೇಳಲಿಲ್ಲ."

ಮೊಮ್ಮಗಳು ಅಜ್ಜನ ಕಡೆ ನೋಡಿದಳು. ತಿಂಗಳಲ್ಲಿ ಮೊದಲ ಸಲ ನೇರವಾಗಿ ನೋಡಿದ್ದು ಅದು. ಆ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ.

"ನಮ್ಮಜ್ಜ ಬರೆದದ್ದನ್ನ ಮನೇಲಿ ಯಾರೂ ಓದಲ್ಲ," ಎಂದಳು. "ತಪ್ಪು ಬರೆಯಲ್ಲ ಅಂತ ಅವರೇ ಹೇಳ್ಕೊಂಡು ಓಡಾಡ್ತಾರೆ."

"ಓದಿದ್ಯಾ, ಇಲ್ವಾ?"

"ಇಲ್ಲ."

ಅಧಿಕಾರಿ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. "ಇಬ್ಬರೂ ಮಾತಾಡ್ಕೊಂಡು ಬಂದಿದ್ದೀರ. ನನಗೆ ಗೊತ್ತಾಗುತ್ತೆ. ಆದರೆ ನನಗೆ ಗೊತ್ತಾಗೋದನ್ನ ಕಡತದಲ್ಲಿ ಬರೆಯೋಕೆ ಕಾಲಂ ಇಲ್ಲ." ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದಳು. "ಬರೀರಿ. ಯಾರು ತುಂಬಿದ್ದು, ಏನು ಸುಳ್ಳು, ನಿಜ ಏನು. ಮೂರೂ ಇರಬೇಕು."

ಅಜ್ಜ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತ. ಎಡಕ್ಕೆ ಎರಡು ಬೆರಳು ಜಾಗ ಬಿಟ್ಟ. ಮೇಲೆ 'ರವರಿಗೆ' ಹಾಕಿ, ವಿಷಯ ಬರೆದು, ಅಡಿಗೆರೆ ಎಳೆದ. ಅರ್ಜಿಯ ಎಲ್ಲ ಕಾಲಂಗಳನ್ನೂ ನಾನೇ ಸ್ವಹಸ್ತದಿಂದ ತುಂಬಿದ್ದೇನೆ, ವಿದ್ಯಾರ್ಥಿನಿ ಅದನ್ನು ಓದದೆ ಸಹಿ ಮಾಡಿದ್ದಾಳೆ. ಅಲ್ಲಿಯವರೆಗೆ ಪೆನ್ನು ಎಣ್ಣೆ ಹಾಕಿದಂತೆ ಓಡಿತು. ಬಾಳಿನಲ್ಲಿ ಬರೆದ ಎರಡನೆಯ ಸುಳ್ಳು ಇಷ್ಟು ಸಲೀಸಾಗಿ ಇಳಿಯಿತಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಆಮೇಲಿನದು ನಿಜ. ಅಲ್ಲಿ ಪೆನ್ನು ನಿಂತಿತು.

"ಏನಾಯ್ತು? ಅರ್ಜಿ ಬರೆಯೋದೇ ಕಸುಬು ಅಂತ ಗುಮಾಸ್ತರು ಹೇಳಿದ್ರು," ಎಂದಳು ಅಧಿಕಾರಿ.

ಬೇರೆಯವರಿಗಾಗಿ ಬರೆಯುವಾಗ ಅದಕ್ಕೊಂದು ವಾಕ್ಯವಿತ್ತು. 'ಇಂಥ ತಾರೀಖಿನಂದು ದೈವಾಧೀನರಾಗಿರುತ್ತಾರೆ.' ಎಷ್ಟೋ ಜನರನ್ನು ಅವನು ಆ ವಾಕ್ಯದಲ್ಲಿ ಕಳಿಸಿಕೊಟ್ಟಿದ್ದ. ಇವತ್ತು ದೈವವನ್ನು ಅದರಲ್ಲಿ ಸೇರಿಸಲು ಮನಸ್ಸೊಪ್ಪಲಿಲ್ಲ.

"ಬರಿ ಅಜ್ಜ," ಎಂದಳು ಮೊಮ್ಮಗಳು ಹಿಂದಿನಿಂದ. ದನಿ ಗಡುಸಾಗಿಯೇ ಇತ್ತು. "ಮೂರು ಗಂಟೆಗೆ ಕ್ಲಾಸಿದೆ ನನಗೆ."

ಅವನು ಬರೆದ. ನನ್ನ ಮಗ ಸತ್ತಿದ್ದಾನೆ. ಮುಂದೆ ತಾರೀಖು ಹಾಕಿ, ಕೆಳಗೆ ಸಹಿ ಮಾಡಿ, ಹಾಳೆಯನ್ನು ತಿರುಗಿಸಿ ಕೊಟ್ಟ. ಅಕ್ಷರ ಎಂದಿನಂತೆ ದುಂಡಗಿತ್ತು. ಅಷ್ಟು ಚೆನ್ನಾಗಿ ಬಂದದ್ದು ಅವನಿಗೆ ಹಿಡಿಸಲಿಲ್ಲ.

ಅಧಿಕಾರಿ ಮೊಹರು ಒತ್ತಿದಳು. "ನೆರವು ಮುಂದುವರಿಯುತ್ತೆ, ಈ ವರ್ಷಕ್ಕೆ. ಇನ್ಮೇಲೆ ಯಾವ ಕಾಗದಕ್ಕಾದ್ರೂ ತಾಯಿ ಬಂದು ನನ್ನೆದುರೇ ಸಹಿ ಹಾಕ್ಲಿ. ನೀವು ಬರಬೇಡಿ."

ಹೊರಗೆ ಮೊಗಸಾಲೆಯಲ್ಲಿ ಗುಮಾಸ್ತ ಆಗಲೇ ಪಟ್ಟಿಯ ಕೆಳಗೆ ಅಜ್ಜನ ಹೆಸರು ಸೇರಿಸುತ್ತಿದ್ದ. ಕಾಗೆ ಕಾಲಿನಂಥ ಅಕ್ಷರ. ಅಜ್ಜ ಒಂದು ಗಳಿಗೆ ನಿಂತು ನೋಡಿ ಮುಂದೆ ನಡೆದ.

ಮೆಟ್ಟಿಲ ಬಳಿ ಮೊಮ್ಮಗಳು ಚೀಲ ಹೆಗಲಿಗೇರಿಸಿದಳು. "ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ."

"ಹೌದು."

"ಇದನ್ನ ನಾನು ಮರೆಯಲ್ಲ."

"ಮರೀಬೇಡ. ಕ್ಲಾಸಿಗೆ ಹೋಗು, ಹಾಜರಿ ಹೋಗುತ್ತೆ."

ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ತಿರುಗಿ ನೋಡಲಿಲ್ಲ.

ಅಜ್ಜ ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದ. ದೇವರಲ್ಲಿ ಕ್ಷಮೆ ಕೇಳಬೇಕಿತ್ತು. ಯಾವ ಸುಳ್ಳಿಗೆ ಕೇಳುವುದೆಂದು ತೋಚಲಿಲ್ಲ. ಕೇಳಬೇಕಾದವನು ತಾನೋ ದೇವರೋ ಎಂಬುದೂ ಬಗೆಹರಿಯಲಿಲ್ಲ. ಹಾಗೇ ಎಷ್ಟು ಹೊತ್ತು ಕೂತಿದ್ದನೋ, ಕಾವಲಿನವನು ಬಂದು ಲಾಠಿಯಿಂದ ಬೆಂಚು ತಟ್ಟಿದ.

"ಏಳಿ ಯಜಮಾನ್ರೇ. ಇದು ಇಲ್ಲಿ ಓದೋರು ಕೂರೋ ಜಾಗ."

"ನನ್ನ ಮೊಮ್ಮಗಳು ಇಲ್ಲೇ ಓದ್ತಾಳೆ."

"ಹಾಗಾದ್ರೆ ಅವಳು ಬಂದು ಕೂರಲಿ."

"ಅವಳು ಕೂರಲ್ಲ, ಕ್ಲಾಸಿನಲ್ಲಿದ್ದಾಳೆ," ಎನ್ನುತ್ತ ಅಜ್ಜ ಎದ್ದ.