ಲೊರೆಂಟ್ಸನ ಮಗ

"ಗಂಡು ಮಗುವಂತೆ ಸಾರ್," ಎಂದಳು ಮ್ಯೂರಿಯಲ್, ಕಿವಿಯಿಂದ ಹೆಡ್‌ಫೋನ್ ತೆಗೆಯುತ್ತ. "ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಹೆಸರೇನಿಡೋದು ಅಂತ ಕೇಳಿದಾರೆ."

ಹ್ಯಾಂಬರ್ಗಿನ ಜರ್ಮನ್ ಬೇಹುಗಾರಿಕೆ ಕಚೇರಿಯವರು ಕೇಳಿದ್ದು ಲೊರೆಂಟ್ಸನನ್ನು. ಇಂಗ್ಲೆಂಡಿಗೆ ಪ್ಯಾರಾಶೂಟಿನಲ್ಲಿ ಇಳಿದು ಸಿಕ್ಕಿಬಿದ್ದ ಆ ಜರ್ಮನ್ ಗೂಢಚಾರನ ಪಕ್ಕ ಮೂರು ತಿಂಗಳು ಕೂತು, ಅವನು ರೇಡಿಯೊದಲ್ಲಿ ಮೋರ್ಸ್ ಸಂಕೇತ ಒತ್ತುವ ರೀತಿಯನ್ನು ಮ್ಯೂರಿಯಲ್ ಕಲಿತಿದ್ದಳು. ಕಲಿತಾದ ಮೇಲೆ ಅವನು ಓಡಿಹೋಗಲು ನೋಡಿದ, ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಅಂದಿನಿಂದ ಅವನ ಹೆಸರಿನಲ್ಲಿ ಹ್ಯಾಂಬರ್ಗಿಗೆ ಸಂದೇಶ ಒತ್ತುವ ಕೈ ಅವಳದೇ.

"ಭೇಷ್, ಬದುಕಿದಾನೆ ಅಂತ್ಲೇ ನಂಬಿದಾರೆ," ಎಂದ ಕ್ಯಾಪ್ಟನ್ ಥಾರ್ನ್. ಆಮೇಲೆ ಅವನ ಮುಖ ಬಿಗಿಯಾಯಿತು. "ಪರೀಕ್ಷೆನೂ ಇರಬಹುದು. ಹೊರಡೋ ಮುಂಚೆ ಹೆಂಡ್ತಿ ಜೊತೆ ಹೆಸರು ಮಾತಾಡಿರ್ತಾನೆ. ನಾವು ತಪ್ಪಿದ್ರೆ ಇಷ್ಟು ದಿನದ ಸುಳ್ಳೆಲ್ಲ ನೀರುಪಾಲು."

ಅವನು ಕಡತ ಮಗುಚಿದ. ವಿಚಾರಣೆಯ ಇನ್ನೂರು ಪುಟಗಳಲ್ಲಿ ಹೆಂಡತಿ ಬಸುರಿ ಎಂದಷ್ಟೇ ಇತ್ತು.

"ಹಿನ್ರಿಶ್," ಎಂದಳು ಮ್ಯೂರಿಯಲ್. "ಅವ್ನ ತಾತನ ಹೆಸ್ರು."

"ನಿಂಗೆ ಹೇಗೆ ಗೊತ್ತು?"

"ಗಂಡಾದ್ರೆ ಅದೇ ಇಡ್ತೀವಿ ಅಂತ ಒಂದಿನ ಪಾಠದ ಮಧ್ಯೆ ಹೇಳಿದ್ದ."

"ವರದಿ ಯಾಕೆ ಮಾಡ್ಲಿಲ್ಲ ಮತ್ತೆ?"

ಅವಳು ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿಕೊಂಡಳು. ಥಾರ್ನ್ ಒತ್ತಾಯಿಸಲಿಲ್ಲ. "ಸರಿ, ಕಳ್ಸು. ಖುಷಿ ಆಗಿದೆ ಅಂತ್ಲೂ ಸೇರ್ಸು. ಅಪ್ಪ ಆಗಿದಾನಲ್ಲ!"

ಅವಳು ಒತ್ತಿದಳು. ಮೋರ್ಸಿನ 'ಆರ್' ಅಕ್ಷರದಲ್ಲಿ ಎರಡು ಚುಕ್ಕಿಗಳ ನಡುವಿನ ಗೆರೆಯನ್ನು ಲೊರೆಂಟ್ಸ್ ಯಾವಾಗಲೂ ತುಸು ಎಳೆಯುತ್ತಿದ್ದ, ಅವಳೂ ಎಳೆದಳು.  ಕೊನೆಗೆ ಖುಷಿಯ ಮಾತನ್ನೂ ಸೇರಿಸಿದಳು.

ಹತ್ತು ನಿಮಿಷಕ್ಕೆ ಉತ್ತರ ಬಂತು. ಹೆಂಡತಿ ಹೇಳಿದ್ದೂ ಅದೇ ಹೆಸರು. ಅಭಿನಂದನೆಗಳು. ಕೆಂಟ್ ಕಡೆಯ ವಿಮಾನ ನೆಲೆಗಳ ವಿವರ ಬೇಗ ಬೇಕು.

"ಗೆದ್ವಿ," ಎಂದು ಜೋರಾಗಿ ನಕ್ಕ ಥಾರ್ನ್, ಆಗಲೇ ಸುಳ್ಳು ನೆಲೆಗಳ ಪಟ್ಟಿಗೆ ಕೈಹಾಕುತ್ತ. "ಹೋಗಿ ಊಟ ಮಾಡ್ಕೊಂಡು ಬಾಮ್ಮ."

ಕ್ಯಾಂಟೀನಿನಲ್ಲಿ ಅಂದು ಕಸ್ಟರ್ಡ್ ಇತ್ತು. ಪಕ್ಕದ ಕೋಣೆಯ ಡಿಲಿಸ್ ಎದುರು ಬಂದು ಕೂತಳು. "ಏನೇ, ಒಳಗೆ ಅಷ್ಟು ನಗು? ಏನ್ ವಿಶೇಷ?"

"ಏನಿಲ್ಲ ಕಣೆ. ಯಾರಿಗೋ ಮಗು ಆಯ್ತು."

"ಅಯ್ಯೋ, ಒಳ್ಳೇದಾಗ್ಲಿ!" ಎಂದು ಡಿಲಿಸ್ ತನ್ನ ಪಾಲನ್ನೂ ಅವಳತ್ತ ತಳ್ಳಿದಳು. ಮ್ಯೂರಿಯಲ್ ಎರಡನ್ನೂ ತಿಂದಳು. ಬಟ್ಟಲು ಖಾಲಿಯಾದ ಮೇಲೂ ಅವಳ ಚಮಚ ತಳವನ್ನು ಮೆಲ್ಲಗೆ ಕೆರೆಯುತ್ತಲೇ ಇತ್ತು.