ತಿದ್ದಿದ ಅರ್ಜಿ

ಕಚೇರಿಗಳ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಮೇಜು, ಒಂದು ಟೈಪ್‌ರೈಟರು ಇಟ್ಟುಕೊಂಡು ಕೂತಿದ್ದ ಅವನನ್ನು ಎಲ್ಲರೂ ಗ್ರಾಮರಪ್ಪ ಎಂದೇ ಕರೆಯುತ್ತಿದ್ದರು. ಅರ್ಜಿ ಟೈಪು ಮಾಡುವವರು ಅಲ್ಲಿ ಇನ್ನೂ ಆರು ಜನರಿದ್ದರು. ಇಂಗ್ಲಿಷಿನಲ್ಲಿ ಅನುಮಾನ ಬಂದರೆ ಆ ಆರೂ ಜನ ಎದ್ದು ಇವನ ಮೇಜಿಗೇ ಬರಬೇಕಿತ್ತು. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಹಾಕಬೇಕೋ ಬೇಡವೋ? ‘ಯೂನಿವರ್ಸಿಟಿ’ಗೆ ‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ? ಅವನು ಕನ್ನಡಕ ಹಣೆಗೇರಿಸಿ, “ಬಾಯಿಬಿಟ್ಟು ಅಂದು ನೋಡಿ ಸ್ವಾಮಿ. ಅಕ್ಷರ ನೋಡ್ಬೇಡಿ, ಸದ್ದು ಕೇಳಿ” ಎನ್ನುತ್ತಿದ್ದ. ಒಬ್ಬ ವಕೀಲನ ತಪ್ಪು ತಿದ್ದಿದ ದಿನವಂತೂ ಅವನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಅವನ ಭಾವ ನೂಲಿನ ಗಿರಣಿಯಲ್ಲಿ ಬಣ್ಣದ ತೊಟ್ಟಿಗಳ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಎದೆಯ ಕಾಯಿಲೆ ಹತ್ತಿ ಹಾಸಿಗೆ ಹಿಡಿದ. ಎಂಟು ತಿಂಗಳು ಕೆಮ್ಮಿ ಕೆಮ್ಮಿ ಹೋಗಿಬಿಟ್ಟ. ಕೆಲಸದಲ್ಲಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡವರ ಮಕ್ಕಳಿಗೆ ಗಿರಣಿ ಕೆಲಸ ಕೊಡುತ್ತಿತ್ತು, ಗಿರಣಿಯ ಮನೆಯೂ ಅವರಿಗೇ ಉಳಿಯುತ್ತಿತ್ತು. ಅಕ್ಕನ ಮಗಳು ಆಗಷ್ಟೇ ಓದು ಮುಗಿಸಿದ್ದಳು.

ಭಾವ ಹೋದ ಹದಿನೈದನೆಯ ದಿನ ಅಕ್ಕ ಮಡಿಸಿದ ಹಾಳೆಯೊಂದನ್ನು ತಂದು ಅವನ ಮೇಜಿನ ಮೇಲಿಟ್ಟಳು.

“ಅವರೇ ಬರೆದಿಟ್ಟಿದ್ರು ಕಣೋ. ನಾನು ಹೋದ್ಮೇಲೆ ಇದನ್ನ ಕೊಡು ಅಂದಿದ್ರು.”

ಭಾವ ಹಾಸಿಗೆಯಲ್ಲಿ ಒರಗಿಕೊಂಡೇ ಹೆಂಡತಿಯ ಪರವಾಗಿ ಇಂಗ್ಲಿಷಿನಲ್ಲಿ ಬರೆದ ಅರ್ಜಿ ಅದು. ತಾನು ಸಾಯುವ ತಾರೀಖಿಗೆ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದ. ಗ್ರಾಮರಪ್ಪ ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸಿದ. ಆದರೂ ಕೈ ಕೆಂಪು ಪೆನ್ಸಿಲು ಹುಡುಕಿತು. ‘ಮೈ ಹಸ್ಬೆಂಡ್ ಹ್ಯಾಸ್ ಬೀನ್ ವರ್ಕಿಂಗ್ ನೈನ್‌ಟೀನ್ ಇಯರ್ಸ್ ಆ್ಯಂಡ್ ಹಿ ಈಸ್ ಫೆಲ್ ಇಲ್’ ಎಂದಿತ್ತು.

“ಸತ್ತವರಿಗೆ ‘ಹ್ಯಾಸ್ ಬೀನ್’ ಹಾಕೋ ಹಾಗಿಲ್ಲ ಅಕ್ಕ. ಅದು ಈಗಲೂ ಮಾಡ್ತಾ ಇದಾರೆ ಅನ್ನೋ ಅರ್ಥ ಕೊಡತ್ತೆ. ಭಾವನ ಹೆಸರು ಹೊತ್ತ ಕಾಗದ, ಯಾರೂ ನಗಬಾರದು.”

“ನಿನಗೆ ಗೊತ್ತಿದ್ದ ಹಾಗೆ ಮಾಡಪ್ಪ” ಎಂದಳು ಅಕ್ಕ.

ಅವನು ಹೊಸದಾಗಿ ಟೈಪು ಮಾಡಿದ. ‘ಮೈ ಹಸ್ಬೆಂಡ್ ವರ್ಕ್ಡ್ ಇನ್ ದ ಮಿಲ್ ಫಾರ್ ನೈನ್‌ಟೀನ್ ಇಯರ್ಸ್. ದೆನ್ ಹಿ ಫೆಲ್ ಇಲ್.’ ಚಿಕ್ಕ ಚಿಕ್ಕ ವಾಕ್ಯ, ಒಂದು ಕಾಮಾ ಆಚೀಚೆ ಇಲ್ಲ. ಅಕ್ಕ ಕೆಳಗೆ ರುಜು ಹಾಕಿ ಕಾರ್ಮಿಕ ಕಚೇರಿಗೆ ಕೊಟ್ಟಳು.

ಎರಡು ತಿಂಗಳಾದ ಮೇಲೆ ಅರ್ಜಿ ತಿರಸ್ಕೃತವಾಗಿ ವಾಪಸು ಬಂತು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕಾರ್ಮಿಕ ಕಚೇರಿಗೆ ಓಡಿದ. ಅಲ್ಲಿನ ಅಧಿಕಾರಿಣಿ ಫೈಲು ತೆರೆದು ಅವನೆದುರಿಗೆ ತಿರುಗಿಸಿದರು.

“ಅವರು ಕೆಲಸ ಬಿಟ್ಟು ಹೋಗಿದ್ರು, ಕಾಯಿಲೆ ಬಂದಿದ್ದು ಆಮೇಲೆ ಅಂತ ಗಿರಣಿಯವರ ವಾದ. ಹೆಂಡತಿಯ ಅರ್ಜಿಯೂ ಅದನ್ನೇ ಹೇಳ್ತಿದೆ ನೋಡಿ. ‘ವರ್ಕ್ಡ್’ ಅಂದ್ರೆ ಮುಗೀತು. ‘ದೆನ್’ ಅಂದ್ರೆ ಅದಾದ ಮೇಲೆ.”

“ಮೇಡಂ, ಅದು ಬರೆದವನ ತಪ್ಪು. ಕೆಲಸದಲ್ಲಿದ್ದಾಗಲೇ ಅನ್ನೋಕೆ ‘ಹ್ಯಾಡ್ ಬೀನ್ ವರ್ಕಿಂಗ್ ವೆನ್’ ಅನ್ನಬೇಕಿತ್ತು. ದಯವಿಟ್ಟು...”

“ನಾನೂ ಮೊದಲು ಹಾಗೇ ಅಂದ್ಕೊಂಡೆ. ಹರಕು ಮುರುಕು ಇಂಗ್ಲಿಷ್ ಆಗಿದ್ರೆ, ಪಾಪ, ಹೇಳೋಕೆ ಬಂದಿಲ್ಲ ಅಂತ ಅನುಮಾನದ ಲಾಭ ಕೊಡ್ತಿದ್ದೆ. ಆದ್ರೆ ಇಡೀ ಕಾಗದದಲ್ಲಿ ಒಂದು ತಪ್ಪಿಲ್ಲ. ಭಾಷೆ ಚೆನ್ನಾಗಿ ಬಲ್ಲೋರೇ ಯೋಚಿಸಿ ಬರೆಸಿದ್ದಾರೆ ಅಂತ ಗಿರಣಿಯ ವಕೀಲರು ವಾದಿಸಿದ್ರು. ನಾನೇನು ಮಾಡ್ಲಿ?”

ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು. ‘ಹ್ಯಾಡ್ ಬೀನ್’ ಯಾವಾಗ ಹಾಕಬೇಕೆಂದು ಆ ಬೀದಿಯಲ್ಲಿ ನೂರು ಜನಕ್ಕೆ ಹೇಳಿಕೊಟ್ಟಿದ್ದವನು ಅವನೇ. ವಾಕ್ಯ ಉದ್ದವಾಗುತ್ತದೆ, ಚೆಂದ ಕೆಡುತ್ತದೆ ಎಂದು ಅಕ್ಕನ ಅರ್ಜಿಯಲ್ಲಿ ತಾನೇ ಅದನ್ನು ಬಿಟ್ಟಿದ್ದ. ಮೆಟ್ಟಿಲಿಳಿದು ನೇರವಾಗಿ ಅಕ್ಕನ ಮನೆಗೆ ಹೋದ.

ಅಕ್ಕನಿಗೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಒಪ್ಪಿಸಿದ. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಒರೆಸುತ್ತಲೇ ಇದ್ದಳು.

“ಹಾಗಾದ್ರೆ ಅವರು ಬರೆದಿದ್ದನ್ನೇ ಕೊಟ್ಟಿದ್ರೆ ಆಗ್ತಿತ್ತಾ?”

“ಆಗ್ತಿತ್ತೇನೋ ಅಕ್ಕ.”

“ಎಲ್ಲಿದೆ ಅದು? ಕೊಡು.”

ಅವನು ಜೇಬಿನಿಂದ ತೆಗೆದುಕೊಟ್ಟ. ಭಾವನ ನಡುಗುವ ಅಕ್ಷರಗಳ ಮೇಲೆಲ್ಲಾ ಕೆಂಪು ಗೀಟುಗಳು. ಅಕ್ಕ ಮಗಳ ರಬ್ಬರು ತಂದು ಮೂಲೆಯಲ್ಲಿ ಒಂದಿಷ್ಟು ಉಜ್ಜಿದಳು. ಕೆಂಪು ಹರಡಿತು, ಹಾಳೆ ಹರಿಯುವ ಹಾಗಾಯಿತು. ಅವಳು ಅಲ್ಲಿಗೇ ಬಿಟ್ಟಳು.

“ನೀನು ಬೇಕು ಅಂತ ಮಾಡಿಲ್ಲ ಬಿಡು” ಎಂದಳು. ಅವನು ತಲೆ ಎತ್ತುವಷ್ಟರಲ್ಲಿ, “ಮೇಲ್ಮನವಿಯನ್ನ ಮಾತ್ರ ಬೇರೆಯವರ ಹತ್ರ ಬರೆಸ್ತೀನಿ ಕಣೋ” ಎಂದೂ ಸೇರಿಸಿದಳು.

ಬೀದಿಯ ತುದಿಯಲ್ಲಿ ಕೂರುವ ಟೈಪಿನವನ ಕೈಯಲ್ಲಿ ಬರೆಸಿದಳು. ಅಕ್ಕ ತನ್ನ ಮೇಜು ದಾಟಿ ಅಲ್ಲಿಗೆ ಹೋಗುವುದನ್ನು ಗ್ರಾಮರಪ್ಪ ನೋಡಿದ. ಮೇಲ್ಮನವಿಯೂ ಬಿದ್ದುಹೋಯಿತು. ಮೊದಲ ಹೇಳಿಕೆಯನ್ನು ಈಗ ಬದಲಿಸಲು ಬರುವುದಿಲ್ಲವೆಂದು ಅದರಲ್ಲಿ ಒಂದೇ ಸಾಲಿನ ಷರಾ ಇತ್ತು.

ಗಿರಣಿಯ ಮನೆ ಖಾಲಿ ಮಾಡಿದ ದಿನ ಅವನು ಕಪಾಟು ಹೊರಲು ಹೋಗಿದ್ದ. ಅಕ್ಕನ ಮಗಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿತ್ತು. ಮುಂಜಾನೆಯೇ ಹೋಗಬೇಕಾದ್ದರಿಂದ ಅವಳು ಅಲ್ಲಿರಲಿಲ್ಲ. ಹೊಸ ಬಾಡಿಗೆ ಕೋಣೆಯ ಬಾಗಿಲು ಕಿರಿದು. ಕಪಾಟು ಅಡ್ಡಕ್ಕೂ ಹೋಗಲಿಲ್ಲ, ಉದ್ದಕ್ಕೂ ಹೋಗಲಿಲ್ಲ. ಅಕ್ಕತಮ್ಮ ಇಬ್ಬರೂ ಅದನ್ನು ಓಣಿಯ ಗೋಡೆಗೆ ಒರಗಿಸಿ, ಅದರ ಪಕ್ಕದಲ್ಲೇ ಕೂತರು.